ದಾಕ್ಷಿಣ್ಯದ ರೊಟ್ಟಿ

ಅಲೀಮ್ ಭಾಯಿಗೆ ಸಿಟ್ಟು ಬರಲ್ಲ. ನನಗೆ ಅವರ ಮೇಲಿರೋ ದೊಡ್ಡ ಸಿಟ್ಟು ಅದೇ. ಬೋಲಿಂಗ್‌ಬ್ರೂಕಿನ ನಮ್ಮ ಇಂಡಿಯನ್ ಅಂಗಡೀಲಿ ನಾನು ಕೌಂಟರ್ ನೋಡ್ಕೋತೀನಿ, ಅವರು ಪರ್ಚೇಸಿಂಗ್ ನೋಡ್ಕೋತಾರೆ. ತರಕಾರಿ ಟ್ರಕ್ಕಿನವನು ಅರ್ಧ ದಿನ ಲೇಟಾಗಿ ಬಂದು, ಅದರಲ್ಲೂ ಕೊಳೆತ ಬೆಂಡೆಕಾಯಿ ಇಳಿಸ್ತಿದ್ರೆ ನಾನು ತೋಳು ಮಡಚ್ಕೊಂಡು ಜಗಳಕ್ಕೆ ಹೋಗ್ತೀನಿ. ಅಷ್ಟರಲ್ಲಿ ಈ ಮಹಾನುಭಾವರು ಅವನ ಕೈಗೆ ಬಿಸಿ ಚಾ ಕೊಟ್ಟು, ಐ-55 ಹೈವೇ ಮೇಲೆ ಹಿಮ ಹೇಗಿತ್ತು ಅಂತ ವಿಚಾರಿಸ್ತಾ ನಿಂತಿರ್ತಾರೆ. ನನ್ನ ಜಗಳ ಅಲ್ಲೇ ಆರಿಹೋಗುತ್ತೆ.

ಅವರ ಊರು ಸವಣೂರು. ಇಲ್ಲಿಗೆ ಬರೋಕ್ಮುಂಚೆ ಮಿಷಿಗನ್ನಿನ ಕ್ಯಾಂಟನ್‌ನಲ್ಲಿದ್ರು, ಕಾರಿನ ಬಿಡಿಭಾಗ ಮಾಡೋ ಒಂದು ಕಂಪನೀಲಿ. ಬೋಲ್ಟು, ಕ್ಲಿಪ್ಪು, ರಬ್ಬರ್ ವಾಷರ್ರು ಯಾವಾಗ ಎಷ್ಟು ತರಿಸಬೇಕು ಅನ್ನೋದನ್ನ ಕಂಪ್ಯೂಟರಿನಲ್ಲಿ ಕೂರಿಸೋದು ಅವರ ಕೆಲಸ. ಆ ಕಂಪನಿ ಬೇರೆ ರಾಜ್ಯಕ್ಕೆ ಎದ್ದು ಹೋಯ್ತು. ಅವರ ಹೆಂಡತಿ ಆಯೆಷಾಗೆ ಅರೋರಾದ ಒಂದು ಫಾರ್ಮಸೀಲಿ ಕೆಲಸ ಸಿಕ್ತು, ಗಂಟುಮೂಟೆ ಕಟ್ಕೊಂಡು ಬಂದುಬಿಟ್ರು. ನಮ್ಮ ಓನರ್ ವಿಜಯ್ ಕುಮಾರ್ ಅವರನ್ನ ಕರೆದು ಕೂರಿಸಿಕೊಂಡ್ರು.

ಅಲ್ಲೀವರೆಗೂ ನಮ್ಮ ಆರ್ಡರ್ ಹೇಗಿತ್ತು ಅಂದ್ರೆ, ಓನರ್ರು ಶೆಲ್ಫ್ ಮುಂದೆ ನಿಂತು ಕಣ್ಣು ಕಿರಿದು ಮಾಡಿ, "ಇಂಗು ಒಂದೈದು ಬಾಕ್ಸ್ ಹಾಕು ಮೇಧಾ" ಅನ್ನೋರು. ನಾನು ಹಾಕ್ತಿದ್ದೆ. ಇಂಗು ರಾಶಿ ಬೀಳೋದು, ಅವಲಕ್ಕಿ ಸಿಗ್ತಿರಲಿಲ್ಲ. ಅಲೀಮ್ ಭಾಯಿ ಬಂದ ಮೇಲೆ ಕಂಪ್ಯೂಟರೇ ಲೆಕ್ಕ ಹಾಕೋಕೆ ಶುರು ಮಾಡ್ತು. ಲೆಕ್ಕ ಏನೂ ಬ್ರಹ್ಮವಿದ್ಯೆ ಅಲ್ಲ. ಕಳೆದ ಕೆಲವು ವಾರ ಒಂದು ಸಾಮಾನು ಸರಾಸರಿ ಎಷ್ಟು ಹೋಗಿದೆ, ಮುಂದಿನ ಸರಕು ಬರೋವರೆಗೆ ಎಷ್ಟು ಬೇಕಾಗುತ್ತೆ, ಅದರ ಮೇಲೆ ಆಪತ್ತಿಗೆ ಅಂತ ಸ್ವಲ್ಪ, ಅದರಲ್ಲಿ ಈಗ ಶೆಲ್ಫಲ್ಲಿ ಇರೋದನ್ನ ಕಳಿ. ಸೋಮವಾರ ಬೆಳಿಗ್ಗೆ ಆರ್ಡರ್ ತಾನಾಗೇ ಹೋಗುತ್ತೆ.

ಅದರಲ್ಲಿ ಅವರದೇ ಒಂದು ನಿಯಮ ಇತ್ತು. ಗುರುವಾರವೇ ಒಂದು ಸಾಮಾನು ಖಾಲಿ ಆದ್ರೆ, ಶುಕ್ರವಾರದ ವ್ಯಾಪಾರ ಸೊನ್ನೆ ಅಂತ ಬರ್ಕೋಬಾರದು. ಇದ್ದಿದ್ರೆ ಹೋಗ್ತಿತ್ತು ಅಂತ ಅಂದಾಜು ಸೇರಿಸ್ಕೋಬೇಕು. ಕ್ಯಾಂಟನ್‌ನಲ್ಲಿ ಒಂದು ಸಲ ಬೆರಳುದ್ದದ ಕ್ಲಿಪ್ ಇಲ್ದೇ ಇಡೀ ಫ್ಯಾಕ್ಟರಿ ಲೈನ್ ನಿಂತುಹೋಗಿತ್ತಂತೆ. "ಖಾಲಿ ಶೆಲ್ಫ್ ಅಂದ್ರ ಯಾರಿಗೂ ಬ್ಯಾಡ ಅಂತಲ್ಲ, ಎಲ್ಲಾರಿಗೂ ಬೇಕಾಗಿತ್ತು ಅಂತ ಅರ್ಥ" ಅನ್ನೋರು. ಆ ಮಾತು ನನಗೂ ಸರಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಈಗ ಗಂಗಮ್ಮ ಆಂಟಿ ವಿಷಯಕ್ಕೆ ಬರ್ತೀನಿ. ಬಾಗಲಕೋಟೆ ಕಡೆಯವರು. ಗಂಡ ದಾನಪ್ಪ ಅಂಕಲ್ ಇಲ್ಲೇ ಒಂದು ವೇರ್‌ಹೌಸಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತಿದ್ರು. ಹೋದ ವರ್ಷದ ಚಳಿಗಾಲ ಸ್ವಂತ ಮನೆ ಮುಂದೆಯೇ ಐಸ್ ಮೇಲೆ ಜಾರಿ ಬಿದ್ದು ಸೊಂಟ ಮುರ್ಕೊಂಡ್ರು. ಮನುಷ್ಯ ಮಲಗಿಬಿಟ್ರು. ನಾವೆಲ್ಲ ಸಾರು, ಪಲ್ಯ ಅಂತ ಡಬ್ಬಿ ತಗೊಂಡು ಹೋದ್ವಿ. ಮಾರನೇ ದಿನ ಆ ಡಬ್ಬೀಲಿ ಶೇಂಗಾ ಹೋಳಿಗೆ ತುಂಬ್ಕೊಂಡು ವಾಪಸ್ ಬಂತು. ಖಾಲಿ ಡಬ್ಬಿ ವಾಪಸ್ ಕೊಡೋ ಹೆಂಗಸಲ್ಲ ಆಕೆ. ಸಹಾಯ ಮಾಡೋಕೆ ಹೋದ್ರೆ ನಮಗೇ ತೂಕ ಹೆಚ್ಚಾಗ್ತಿತ್ತು.

ಒಂದಿನ ಅಂಗಡಿಗೆ ಬಂದು ಅಲೀಮ್ ಭಾಯಿ ಹತ್ರ, "ತಮ್ಮಾ, ಖಡಕ್ ರೊಟ್ಟಿ ಮಾಡಿ ಕೊಟ್ರ ಇಡ್ತೀಯೇನು? ಮುಲಾಜಿಗೆ ಇಡಬ್ಯಾಡ. ಮಂದಿ ತಗೊಂಡ್ರ ಇಡು, ಇಲ್ಲಾಂದ್ರ ತಗದ ಒಗಿ" ಅಂದ್ರು. ಲೈಸೆನ್ಸ್ ಇರೋ ಒಂದು ಬಾಡಿಗೆ ಅಡುಗೆಮನೆ ಗೊತ್ತು ಮಾಡ್ಕೊಂಡ್ರು. ಡ್ರೈವಿಂಗ್ ಕಲಿತಿದ್ದು ಆವಾಗಲೇ. ದಾನಪ್ಪ ಅಂಕಲ್ ವಾಕರ್ರನ್ನ ಹಿಂದಿನ ಸೀಟಲ್ಲಿ ಹಾಕಿ ಪಕ್ಕದಲ್ಲಿ ಕೂತು, ಚರ್ಚಿನ ಖಾಲಿ ಪಾರ್ಕಿಂಗ್ ಲಾಟಲ್ಲಿ ಹೇಳಿಕೊಟ್ರಂತೆ. ಪ್ರತಿ ಶುಕ್ರವಾರ ಬೆಳಿಗ್ಗೆ ಆಕೆ ವ್ಯಾನಿಂದ ಪ್ಲಾಸ್ಟಿಕ್ ಕ್ರೇಟು ಇಳಿಸ್ತಾ, ನಮ್ಮ ಕಡೆ ನೋಡ್ದೇ ಮೊದಲು ಶೆಲ್ಫ್ ಕಡೆ ನೋಡೋರು. ರೊಟ್ಟಿ ಹೋಗಿದ್ಯೋ ಇಲ್ವೋ. ಅದೊಂದೇ ಆಕೆಗೆ ಬೇಕಾಗಿದ್ದಿದ್ದು. ತನ್ನ ರೊಟ್ಟಿ ತನ್ನ ಕಾಲ ಮೇಲೆ ನಿಂತಿದೆ ಅಂತ ಗೊತ್ತಾಗಬೇಕಿತ್ತು.

ಅದಕ್ಕೇ ನಮ್ಮ ನೀಲಾಂಬಿಕಾ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ಲು. ನೀಲಾಂಬಿಕಾ ಅಂದ್ರೆ ಅರೋರಾದ ಬಾಲಾಜಿ ದೇವಸ್ಥಾನದ ಹತ್ರ ಇರೋ ಗದಗಿನವಳು, ಊರಿಗೆಲ್ಲ ದೊಡ್ಡಕ್ಕ. ಗಂಗಮ್ಮ ಆಂಟಿ ಒಬ್ಬರನ್ನ ಬಿಟ್ಟು ಅವರ ಪರಿಚಯದ ಹೆಂಗಸರೆಲ್ಲ ಆ ಗ್ರೂಪಲ್ಲಿ. ಒಂದೇ ನಿಯಮ. ಶುಕ್ರವಾರ ಆಂಟಿ ಬರೋಷ್ಟರಲ್ಲಿ ಶೆಲ್ಫ್ ಖಾಲಿ ಇರಬೇಕು. ನಾನೂ ಸೇರಿದೆ, ವಾರಕ್ಕೆ ಎರಡು ಪ್ಯಾಕೆಟ್. ಅಲೀಮ್ ಭಾಯಿಗೆ ಯಾರೂ ಹೇಳಲಿಲ್ಲ. ಅವರ ಮುಖ ಗಾಜಿನ ಬರಣಿ ಥರ, ಒಳಗಿರೋದೆಲ್ಲ ಕಾಣುತ್ತೆ. ಆಂಟಿಗೆ ಆವತ್ತೇ ಗೊತ್ತಾಗಿಬಿಡ್ತಿತ್ತು.

ಮೊದಲು ಆರ್ಡರ್ ಇದ್ದಿದ್ದು ವಾರಕ್ಕೆ ಇಪ್ಪತ್ತು ಪ್ಯಾಕೆಟ್. ಬುಧವಾರಕ್ಕೇ ಖಾಲಿ. ಕಂಪ್ಯೂಟರ್ ನೋಡ್ತು, ಓಹೋ, ಗುರುವಾರವೂ ಇದ್ದಿದ್ರೆ ಹೋಗ್ತಿತ್ತು ಅಂತ ಮೂವತ್ತು ಕೇಳ್ತು. ಆಂಟಿ ಮೂವತ್ತು ತಂದ್ರು. ನೀಲಾಂಬಿಕಾ ಗ್ರೂಪಲ್ಲಿ, ಈ ವಾರ ಜಾಸ್ತಿ ಬಂದಿವೆ, ಎಲ್ಲರೂ ಇನ್ನೊಂದೊಂದು ತಗೊಳ್ರಿ ಅಂತ ಹಾಕಿದ್ಲು. ತಗೊಂಡ್ವಿ. ಮರೆತುಹೋಗಬಾರದು ಅಂತ ರೊಟ್ಟಿ ಬಂದ ಶುಕ್ರವಾರ ಸಂಜೆಗೇ ಎಲ್ಲ ಎತ್ಕೊಂಡು ಹೋಗೋಕೆ ಶುರು ಮಾಡಿದ್ವಿ. ಕಂಪ್ಯೂಟರ್ ಇನ್ನೂ ಏರಿಸ್ತು. ಹೀಗೇ ಏರ್ತಾ ಏರ್ತಾ ಡಿಸೆಂಬರ್ ಕಳೆಯೋಷ್ಟರಲ್ಲಿ ನೂರರ ಹತ್ತಿರ ಹೋಗಿತ್ತು. ನಾನು ಕೌಂಟರಲ್ಲಿ ಬಿಲ್ ಮಾಡೋಳು, ಕಂಪ್ಯೂಟರ್ ಒಳಗೆ ಏನು ಕುದೀತಿದೆ ಅಂತ ತಿರುಗಿ ನೋಡೋಳಲ್ಲ. ಅಲೀಮ್ ಭಾಯಿ ಮಾತ್ರ ಖುಷಿಯಾಗಿ, "ನೋಡ್ರಿ ಮೇಧಾ, ನಮ್ಮ ಕಡೆ ರೊಟ್ಟಿ ಹ್ಯಾಂಗ ಹೊಂಟಾವ" ಅಂತ ಸ್ಕ್ರೀನ್ ತೋರಿಸೋರು. ನಾನು ಹಲ್ಲು ಕಿರೀತಿದ್ದೆ. ನಮ್ಮನೇಲಿ ವಾಷಿಂಗ್ ಮಷೀನ್ ಮೇಲೆಲ್ಲ ರೊಟ್ಟಿ. ಖಡಕ್ ರೊಟ್ಟಿ ಕೆಡೋದೂ ಇಲ್ಲ, ಬಿಸಾಡೋಕೆ ಮನಸ್ಸೂ ಬರಲ್ಲ. ಮೈಸೂರಿನ ಹೊಟ್ಟೆ ನಮ್ಮದು, ದಿನಾ ಎಷ್ಟೂಂತ ಕಡಿಯೋಣ ಹೇಳಿ.

ಆಂಟಿ ಎರಡೂ ಮಣಿಕಟ್ಟಿಗೆ ಕಪ್ಪು ಪಟ್ಟಿ ಸುತ್ಕೊಂಡು ಬರೋಕೆ ಶುರು ಮಾಡಿದ್ರು. "ಏನಾಯ್ತು ಆಂಟಿ?" ಅಂದ್ರೆ, "ಥಂಡಿಗೆ ಹಿಡಕೊಂಡಾವ ಬಿಡವಾ" ಅನ್ನೋರು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟು, ನೀರೆಲ್ಲ ಕಲ್ಲಾಗೋ ಚಳಿ, ನಾನೂ ನಂಬಿದೆ.

ಫೆಬ್ರವರೀಲಿ ನೀಲಾಂಬಿಕಾ ಮನೇಲಿ, ಮನೆಗೊಂದು ಅಡುಗೆ ತರೋ ಸಂಕ್ರಾಂತಿ ಪಾಟ್‌ಲಕ್ ಇತ್ತು. ಇಲ್ಲಿ ಹಬ್ಬ ಪಂಚಾಂಗ ನೋಡಿ ಬರಲ್ಲ, ಎಲ್ಲರಿಗೂ ಬಿಡುವಾದಾಗ ಬರುತ್ತೆ. ಒಂದೊಂದೇ ಮನೆಯವರು ಒಳಗೆ ಬಂದು ಟೇಬಲ್ ಮೇಲೆ ತಂದಿದ್ದು ಇಟ್ರು. ಮೊದಲನೆಯವರು ರೊಟ್ಟಿ. ಎರಡನೆಯವರು ರೊಟ್ಟಿ. ಮೂರನೆಯವರು ಒಂದು ಸಣ್ಣ ಬಟ್ಟಲು ಎಣ್ಣೆಗಾಯಿ, ಜೊತೆಗೆ ರೊಟ್ಟಿ. ಮನೇಲಿ ಇರೋದನ್ನ ಖಾಲಿ ಮಾಡೋಣ ಅಂತ ಎಲ್ಲರಿಗೂ ಒಂದೇ ಬುದ್ಧಿ ಬಂದಿತ್ತು. ನಾನೂ ರೊಟ್ಟೀನೇ ತಂದಿದ್ದೆ, ಮುಚ್ಚಿಡೋದೇನು. ಅಲೀಮ್ ಭಾಯಿ ಜೋರಾಗಿ ನಕ್ಕು, "ಪಲ್ಯಾ ಯಾರೂ ಮಾಡಿಲ್ಲೇನ್ರಿ?" ಅಂದ್ರು. ಪೇಪರ್ ಪ್ಲೇಟ್ ತಗೊಳ್ಳೋಕೆ ನೀಲಾಂಬಿಕಾ ಪ್ಯಾಂಟ್ರಿ ಬಾಗಿಲು ತೆಗೆದ್ಲು. ನೆಲದಿಂದ ಮೇಲಿನವರೆಗೂ ಗಂಗಮ್ಮ ಆಂಟಿ ರೊಟ್ಟಿ, ನಮ್ಮ ಅಂಗಡಿ ಸ್ಟಿಕ್ಕರ್ ಸಮೇತ.

ಅಲೀಮ್ ಭಾಯಿ ನಗು ನಿಂತುಹೋಯ್ತು. ಪ್ಯಾಕೆಟ್ ಒಂದೊಂದೇ ತಿರುಗಿಸಿ ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮನ್ಯಾಗ ಎಷ್ಟ ಅದಾವ ಮೇಧಾ?" ಅಂದ್ರು.

"ಲಾಂಡ್ರಿ ರೂಮ್ ತುಂಬಾ ಇವೆ" ಅಂದೆ.

ನೀಲಾಂಬಿಕಾ ತಲೆ ತಗ್ಗಿಸ್ಕೊಂಡು ಗ್ರೂಪಿನ ಕಥೆ ಎಲ್ಲ ಹೇಳಿದ್ಲು. ಅವರು ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದ್ರು. "ಗಂಗಕ್ಕ ಯಾಕ ಬಂದಿಲ್ಲ ಇವತ್ತು?"

"ಕರದಿದ್ದೆ ಭಾಯಿ. ಆರ್ಡರ್ ಭಾಳ ಐತಿ, ರೊಟ್ಟಿ ಬಡೀಬೇಕು ಅಂದ್ರು."

ಅಲೀಮ್ ಭಾಯಿ ಕೈಲಿದ್ದ ಪ್ಯಾಕೆಟ್ ಕೆಳಗಿಟ್ಟುಬಿಟ್ರು. ವಾಪಸ್ ಹೋಗ್ತಾ ಡ್ರೈವ್‌ವೇನಲ್ಲಿ ನನಗೆ ಹೇಳಿದ್ರು, "ಕ್ಯಾಂಟನ್‌ನ್ಯಾಗ ಬೋಲ್ಟಿನ ಲೆಕ್ಕಾ ಹಾಕ್ತಿದ್ದೆ. ಬೋಲ್ಟ್ ಯಾರೂ ದಾಕ್ಷಿಣ್ಯಕ್ಕ ತಗೊಳ್ಳೂದಿಲ್ಲ. ನಾ ಇಲ್ಲಿ ಬಂದೂ ಬೋಲ್ಟಿನ ಲೆಕ್ಕಾನ ಹಾಕೀನಿ." ನಾನು ಕಾರಿನ ಮೇಲಿನ ಹಿಮ ಕೆರೀತಾ ನಿಂತೆ.

ಸೋಮವಾರ ಅವರು ಕಂಪ್ಯೂಟರಿನ ಮಾತು ಬದಿಗಿಟ್ಟು ರೊಟ್ಟಿ ಆರ್ಡರನ್ನ ಕೈಯಿಂದಲೇ ಕಾಲು ಭಾಗಕ್ಕೆ ಇಳಿಸಿದ್ರು. ಶುಕ್ರವಾರ ಆಂಟಿ ಬಂದ್ರು. ರಂಜಾನ್ ಆಗಷ್ಟೇ ಶುರುವಾಗಿತ್ತು, ಅಲೀಮ್ ಭಾಯಿ ಉಪವಾಸ. ಆಂಟಿ ಎಂದಿನ ಹಾಗೆ ಮೊದಲು ಶೆಲ್ಫ್ ನೋಡಿದ್ರು. ಪೂರ್ತಿ ಖಾಲಿ. ಆ ಗ್ರೂಪಿನವರು ಅಭ್ಯಾಸಬಲದಿಂದ ಗುಡಿಸಿ ಹಾಕಿದ್ರು.

"ಎಲ್ಲಾ ಹೋಗ್ಯಾವಲ್ಲ ತಮ್ಮಾ, ಮತ್ಯಾಕ ಕಡಿಮಿ ಕೇಳೀದಿ? ರೊಟ್ಟಿ ಕೆಟ್ಟಾವೇನು?"

ಕಂಪ್ಯೂಟರ್ ಹಾಗೆ ಹೇಳ್ತು ಆಂಟಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ನಾನು ಅವರಿಗೆ ಕಣ್ಣಲ್ಲೇ ಹೇಳಿದೆ, ಕಾಲಲ್ಲಿ ಒದೆಯೋಷ್ಟು ಹತ್ರಾನೂ ಹೋದೆ. ಆದ್ರೆ ಈ ಮನುಷ್ಯ ಉಪವಾಸ ಇದ್ದಾಗ ಸುಳ್ಳು ಹೇಳಲ್ಲ, ಊಟ ಮಾಡಿದಾಗಲೂ ಹೇಳೋಕೆ ಬರಲ್ಲ. ಸ್ಟೂಲ್ ಎಳೆದು ಆಂಟೀನ ಕೂರಿಸಿ, ಪಾಟ್‌ಲಕ್ಕು, ಪ್ಯಾಂಟ್ರಿ, ಗ್ರೂಪು, ತನ್ನ ನಿಯಮ, ಎಲ್ಲಾ ಬಿಡಿಸಿ ಹೇಳಿಬಿಟ್ರು.

ಆಂಟಿ ಮಣಿಕಟ್ಟಿನ ಪಟ್ಟಿ ಸರಿ ಮಾಡ್ಕೊಂಡ್ರು. "ಅಂದ್ರ ಯಾರಿಗೂ ಬೇಕಾಗಿದ್ದಿಲ್ಲ" ಅಂದ್ರು.

"ಹಂಗಲ್ಲಕ್ಕಾ."

"ಹಂಗ ಐತಿ. ನನ್ನ ಕಥಿ ಕೇಳ್ತೀಯೇನು? ಮೂವತ್ತು ಆದಾಗನ ನನ್ನ ಕೈ ಸೋತಿತ್ತು. ಸಾಕಪ್ಪಾ ಅನಬೇಕಂದೆ. ಪಾಪ ಅಲೀಮ ಕೇಳಾಕ ಹತ್ಯಾನ, ಜಾಗಾ ಕೊಟ್ಟಾನ, ಒಲ್ಲೆ ಅಂದ್ರ ಏನ ತಿಳಕೊಂಡಾನು ಅಂತ ಬಡದೆ. ಅವರು ನನ್ನ ದಾಕ್ಷಿಣ್ಯಕ್ಕ ತಗೊಂಡ್ರು, ನಾ ನಿನ್ನ ದಾಕ್ಷಿಣ್ಯಕ್ಕ ಬಡದೆ. ದಾಕ್ಷಿಣ್ಯಕ್ಕ ಬಸರಾದ್ರ ಹಡಿಯಾಕ ಜಾಗಾ ಇಲ್ಲ ಅಂತ ನಮ್ಮವ್ವ ಅಂತಿದ್ಲು. ಖರೇ ಆತು."

ನನಗೆ ನಗು ಬಂತು, ಅದರ ಹಿಂದೇನೇ ಅಳು ಬಂತು. ನಾವೆಲ್ಲ ಸೇರಿ ಒಳ್ಳೇತನದಿಂದಲೇ ಆಕೆ ಕೈ ಮುರಿದಿದ್ವಿ. ಒಬ್ಬರಾದ್ರೂ ಬಾಯಿ ಬಿಟ್ಟು ಬೇಡ ಅಂದಿದ್ರೆ ಇಷ್ಟು ದೂರ ಬರ್ತಿರಲಿಲ್ಲ.

"ಅಕ್ಕಾ, ನಿಮ್ಮ ಕೈಗೆ ಎಷ್ಟ ಆಗ್ತಾವ ಅಷ್ಟ ಮಾಡ್ರಿ" ಅಂದ್ರು ಅಲೀಮ್ ಭಾಯಿ.

"ಮುಲಾಜಿಗೆ ಇಡಬ್ಯಾಡ ಅಂತ ಮೊದಲನ ದಿನಾನ ಹೇಳಿದ್ನಿ. ಬಂದ್ ಮಾಡು." ಎದ್ದು ಹೊರಟೇಬಿಟ್ರು. ಬಾಗಿಲವರೆಗೆ ಹೋಗಿ ವಾಪಸ್ ಬಂದು, ಕೈಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ಕೌಂಟರ್ ಮೇಲಿಟ್ರು. "ರೋಜಾ ಬಿಡೂ ಹೊತ್ತಿಗೆ ತಿನ್ನು. ಬೆಲ್ಲದ ಮಾದಲಿ ಐತಿ." ಅಷ್ಟು ಸಿಟ್ಟಲ್ಲೂ ಅದನ್ನ ಕೊಡೋದು ಮರೆಯಲಿಲ್ಲ. ಕ್ರೇಟುಗಳನ್ನ ಮಾತ್ರ ಮರೆತು ಹೋದ್ರು.

ಆಮೇಲೆ ರೊಟ್ಟಿ ಬರಲಿಲ್ಲ. ಫೋನ್ ಮಾಡಿದ್ರೆ ದಾನಪ್ಪ ಅಂಕಲ್ ಎತ್ತಿ, "ಮಾತಾಡೂದಿಲ್ಲವಾ, ಟಿವಿ ಮುಂದ ಸುಮ್ಮಕ ಕುಂತಾಳ" ಅನ್ನೋರು. ಕೈಗೆ ವಿಶ್ರಾಂತಿ ಸಿಕ್ತಲ್ಲ ಅಂತ ಸಮಾಧಾನ ಪಡೋಣ ಅಂದ್ರೆ, ಆಗ್ತಿರಲಿಲ್ಲ. ಆಕೆಗೆ ಹೋಗಿದ್ದು ಕೈ ಅಲ್ಲ.

ಇತ್ತ ಕಂಪ್ಯೂಟರ್ ತನ್ನ ಬುದ್ಧಿ ತೋರಿಸ್ತು. ಖಾಲಿ ದಿನದ ನಿಯಮಕ್ಕೂ ಒಂದು ಮಿತಿ ಇದೆ. ವಾರಗಟ್ಟಲೆ ವ್ಯಾಪಾರ ಇಲ್ದಿದ್ರೆ ಈ ಸಾಮಾನು ತೆಗೆದುಹಾಕಿ ಅಂತ ಅದೇ ಸಲಹೆ ಕೊಡುತ್ತೆ. ವಿಜಯ್ ಕುಮಾರ್ ಸರ್ ಅದನ್ನ ನೋಡಿ, "ಆ ಜಾಗದಲ್ಲಿ ಬಿಸ್ಕತ್ ಇಡ್ಸಿ" ಅಂದ್ರು. ಆವಾಗ ನಾನು ಜೀವಮಾನದಲ್ಲಿ ಮೊದಲ ಸಲ ಅಲೀಮ್ ಭಾಯಿ ದನಿ ಏರಿದ್ದು ಕೇಳಿದೆ. "ಆ ಜಾಗಾ ಯಾರೂ ಮುಟ್ಟಾಂಗಿಲ್ಲ ಸರ್. ಮುಟ್ಟಿದ್ರ ನಾಳೆ ನಿಮ್ಮ ಪರ್ಚೇಸಿಂಗ್ ನೀವ ನೋಡ್ಕೊಳ್ರಿ." ಓನರ್ರು ನನ್ನ ಮುಖ ನೋಡಿದ್ರು. ನಾನು ಬಿಸ್ಕತ್ ಡಬ್ಬ ಎತ್ಕೊಂಡು ಗೋಡೌನಿಗೆ ಹೋದೆ. ಒಳಗೊಳಗೇ ಖುಷಿಯಾಗಿ ಕುಣಿಯೋ ಹಾಗಾಗಿತ್ತು.

ಆ ಖಾಲಿ ಜಾಗದ ಮುಂದೆ ಒಬ್ಬ ಮನುಷ್ಯ ಬಂದು ನಿಲ್ತಿದ್ರು, ಶನಿವಾರ ಶನಿವಾರ. ಹಯವದನ ಅಂತ, ರಾಯಚೂರಿನವರು, ಹೊಸದಾಗಿ ಈ ಕಡೆ ಮನೆ ತಗೊಂಡವರು. ನಮ್ಮ ಗುಂಪಿನಲ್ಲಿ ಯಾರ ಪರಿಚಯವೂ ಇಲ್ಲ, ಗಂಗಮ್ಮ ಆಂಟಿ ಯಾರು ಅಂತಾನೂ ಗೊತ್ತಿಲ್ಲ. ಮಹಾ ಮುಂಗೋಪಿ. ಬಂದು ನನ್ನನ್ನ ತರಾಟೆಗೆ ತಗೊಳ್ಳೋರು. "ಏನ್ರೀ ಇದು, ರೊಟ್ಟಿ ಅಂತ ಚೀಟಿ ಹಚ್ಚೀರಿ, ರೊಟ್ಟಿನ ಇಲ್ಲ!" ನಾನೂ ಬಿಡೋಳಲ್ಲ, ಎರಡು ಮಾತು ಜಾಸ್ತೀನೇ ಕೊಟ್ಟು ಕಳಿಸ್ತಿದ್ದೆ. ಅಲೀಮ್ ಭಾಯಿ ಸುಮ್ನೆ ಆ ಕಡೆಯಿಂದ ಕೇಳಿಸ್ಕೋತಿದ್ರು. ಗುಮ್ಮನ ಗುಸುಕ.

ಮಾರ್ಚಲ್ಲಿ ಒಂದು ದಿನ ಅಲೀಮ್ ಭಾಯಿ ಗಂಗಮ್ಮ ಆಂಟಿಗೆ ಫೋನ್ ಮಾಡಿ, "ಅಕ್ಕಾ, ನಿಮ್ಮ ಕ್ರೇಟ್ ಇಲ್ಲೇ ಅದಾವ, ಶನಿವಾರ ಮಧ್ಯಾಹ್ನ ಬಂದು ಒಯ್ರಿ" ಅಂದ್ರು. ಶನಿವಾರವೇ ಯಾಕೆ ಅಂತ ನಾನು ಕೇಳಿದ್ದಕ್ಕೆ, ಬೇರೆ ದಿನ ಜಾಗ ಇಕ್ಕಟ್ಟು ಅಂದ್ರು. ಅದನ್ನ ನಾನು ಇವತ್ತಿಗೂ ನಂಬಲ್ಲ.

ಆಂಟಿ ಬಂದ್ರು. ಶೆಲ್ಫ್ ಕಡೆ ನೋಡದೇ ಸೀದಾ ಕ್ರೇಟ್ ಎತ್ಕೊಂಡ್ರು. ಅಷ್ಟು ಹೊತ್ತಿಗೆ ಹಯವದನ ಒಳಗೆ ಬಂದು ಶುರು ಹಚ್ಕೊಂಡ್ರು. "ಇವತ್ತೂ ಇಲ್ಲೇನ್ರಿ? ಚಳಿಗಾಲ ಪೂರ್ತಿ ಬಂದೀನಿ. ಶನಿವಾರ ಬಂದ್ರ ಒಂದ ಪ್ಯಾಕೆಟ್ ಉಳದಿರೂದಿಲ್ಲ. ಯಾರ ತಿಂತಾರ ಅಷ್ಟೆಲ್ಲಾ? ನಂಗ ಸಿಕ್ಕಿದ್ದ ಎರಡ ಸಲ."

ಆಗ ನನಗೆ ಹೊಳೀತು. ಅಷ್ಟು ವಾರ ನಾವು ತಿನ್ನದೇ ಇರೋರೆಲ್ಲ ಸೇರಿ, ತಿನ್ನೋ ಈ ಮನುಷ್ಯನಿಗೆ ಸಿಗದ ಹಾಗೆ ಗುಡಿಸಿ ಒಯ್ದಿದ್ವಿ.

"ಅದರಾಗೂ ಒಂದ ಸಲ ಅಂಚೆಲ್ಲಾ ಸುಟ್ಟಿತ್ತು" ಅಂತ ಅವರು ಮುಂದುವರಿಸಿದ್ರು. "ಉಪ್ಪೂ ಕಡಿಮಿ. ಆದ್ರೂ ಉಳಿದ ಕಂಪನೀವು ತಿಂದು ನೋಡ್ರಿ, ರಟ್ಟು ತಿಂದಂಗ ಆಕ್ಕೈತಿ. ಅದಕ್ಕ ಬರ್ತೀನಿ."

ಆಂಟಿ ಕ್ರೇಟ್ ಕೆಳಗಿಟ್ರು. "ಯಾವಾಗ ತಗೊಂಡಿದ್ರಿ ಸುಟ್ಟಿದ್ದು?"

"ಡಿಸೆಂಬರ್‌ನ್ಯಾಗ ಅನಸ್ತೈತಿ. ಯಾಕ್ರಿ?"

"ಹೌದು. ಆವಾಗ ಕೈ ಸೋತು ಹಂಚಿನ ಮ್ಯಾಲಿಂದ ಲಗೂನ ತಗಿಯಾಕ ಆಗ್ತಿದ್ದಿಲ್ಲ. ರೊಟ್ಟಿ ಬಡಿಯಾಕಿ ನಾನ."

ಅಷ್ಟು ಹೊತ್ತು ಕೂಗಾಡಿದ ಮನುಷ್ಯ ಎರಡೂ ಕೈ ಮುಗಿದು, "ತಪ್ಪ ತಿಳೀಬ್ಯಾಡ್ರಿ ಅಮ್ಮಾ, ಹಂಗೇನ ಇಲ್ಲ, ಭಾಳ ಛಲೋ ಇದ್ವು" ಅಂತ ಶುರು ಮಾಡಿದ್ರು.

"ಆ ಮಾತ ಬ್ಯಾಡ" ಅಂದ್ರು ಆಂಟಿ. ಸ್ಟೂಲ್ ಎಳ್ಕೊಂಡು ಅವರ ಎದುರಿಗೇ ಕೂತ್ರು. "ಇನ್ನೇನ ತಪ್ಪಿತ್ತು ಹೇಳ್ರಿ."

ಅವರು ಹಿಂದೆ ಮುಂದೆ ನೋಡಿ, ನಿಧಾನಕ್ಕೆ ಹೇಳೋಕೆ ಶುರು ಮಾಡಿದ್ರು. ದಪ್ಪ ಆಗಿದ್ವು, ಎಳ್ಳು ಒಂದೇ ಕಡೆ ಬಿದ್ದಿತ್ತು ಅಂತ. ಆಂಟಿ ಪ್ರತಿಯೊಂದಕ್ಕೂ ಹೌದು, ಅದ್ಯಾಕಂದ್ರ ಅಂತ ಉತ್ತರ ಕೊಡ್ತಾ ಹೋದ್ರು. ಅಷ್ಟು ತಿಂಗಳಲ್ಲಿ ಆಕೆ ಮುಖ ಹಾಗೆ ಅರಳಿದ್ದನ್ನ ನಾನು ನೋಡಿರಲಿಲ್ಲ. ನಾವು ಅಷ್ಟು ಜನ ಹೊಗಳಿ ಹೊಗಳಿ ಕೊಡೋಕೆ ಆಗದೇ ಇದ್ದಿದ್ದನ್ನ ಈ ಮುಂಗೋಪಿ ಬೈದು ಕೊಟ್ಟಿದ್ರು. ನಾನು ಕಣ್ಣೊರೆಸ್ಕೊಂಡೆ. ಅಲೀಮ್ ಭಾಯಿ ಕಂಪ್ಯೂಟರ್ ಹತ್ರ ಹೋಗಿ ನಿಂತಿದ್ರು.

"ತಮ್ಮಾ, ಹದಿನೈದು" ಅಂದ್ರು ಆಂಟಿ, ಅವರ ಕಡೆ ತಿರುಗದೇನೇ. "ಒಂದೂ ಹೆಚ್ಚ ಕೇಳಬ್ಯಾಡ."

ಅವತ್ತಿಂದ ಹದಿನೈದೇ. ಅದೂ ಬೇಗ ಖಾಲಿ ಆಗುತ್ತೆ, ಕಂಪ್ಯೂಟರ್ ಪ್ರತಿ ಸೋಮವಾರ ಇನ್ನೂ ತರಿಸಿ ಅಂತ ಕೆಂಪಗೆ ತೋರಿಸುತ್ತೆ. ಅಲೀಮ್ ಭಾಯಿ ಚಾ ಕುಡೀತಾ ಬೇಡ ಅಂತ ಒತ್ತುತ್ತಾರೆ. ಕೌಂಟರಲ್ಲಿ ನನ್ನ ಕಾವಲಿದೆ. ನೀಲಾಂಬಿಕಾ ಒಂದು ಪ್ಯಾಕೆಟ್ ಎತ್ಕೊಂಡು ಬಂದ್ರೆ, ಮೊದಲು ಪ್ಯಾಂಟ್ರೀಲಿರೋದು ಮುಗಿಸು ತಾಯಿ ಅಂತ ವಾಪಸ್ ಇಡಿಸ್ತೀನಿ. ಇನ್ನೊಂದು ಬದಲಾಗಿದೆ. ಗಂಗಮ್ಮ ಆಂಟಿ ಈಗ ಶುಕ್ರವಾರ ಬರಲ್ಲ. ಶನಿವಾರ ಮಧ್ಯಾಹ್ನ, ಹಯವದನ ಬರೋ ಹೊತ್ತಿಗೆ ಸರಿಯಾಗಿ ರೊಟ್ಟಿ ತರ್ತಾರೆ. ಶೆಲ್ಫ್ ಕಡೆ ನೋಡಲ್ಲ, ಬಾಗಿಲ ಕಡೆ ನೋಡ್ತಾ ಸ್ಟೂಲ್ ಮೇಲೆ ಕೂತಿರ್ತಾರೆ.